ಕಪ್ಪೆಮುಖದ ಕಾವಲುಗಾರ

ಅವನ ಎಡಗೈ ಹೆಬ್ಬೆರಳಿನ ಉಗುರು ಎಂದೂ ಉಗುರಿನ ಬಣ್ಣದಲ್ಲಿ ಇರಲಿಲ್ಲ. ಬಣ್ಣ ಕಲಸಲು ಅವನು ಬೇರೆ ತಟ್ಟೆ ಇಟ್ಟುಕೊಂಡವನಲ್ಲ. ಆ ಉಗುರಿನ ಮೇಲೆಯೇ ಒಂದು ಹನಿ ಕೆಂಪು, ಒಂದು ಹನಿ ಕಪ್ಪು ಹಾಕಿ, ಕುಂಚದ ತುದಿಯಿಂದ ಸವರಿ ಬೇಕಾದ ಛಾಯೆ ತೆಗೆಯುತ್ತಿದ್ದ. ಹಳೆಯದರ ಮೇಲೆ ಹೊಸದು ಕೂತು, ವಾರದ ಕೊನೆಗೆ ಉಗುರು ಹಳೆಯ ಗೋಡೆಯ ಸುಣ್ಣದಂತೆ ಪದರು ಪದರಾಗಿ ಕಾಣುತ್ತಿತ್ತು. ಭಾನುವಾರ ಸ್ನಾನಕ್ಕೆ ಮೊದಲು ಸೀಮೆಎಣ್ಣೆಯಿಂದ ತೊಳೆಯುತ್ತಿದ್ದ. ಹಾಗಾಗಿ ಊಟಕ್ಕೆ ಕುಳಿತಾಗಲೂ ಅವನ ಪಕ್ಕದಲ್ಲಿ ಸಣ್ಣಗೆ ಸೀಮೆಎಣ್ಣೆಯ ವಾಸನೆ.

ನಾವು ಒಬ್ಬರನ್ನೊಬ್ಬರು ದೋಸ್ತ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಆ ಮಾತು ಬಳಸುವ ಯೋಗ್ಯತೆ ನನಗೆ ಉಳಿದಿದೆಯೇ ಎಂಬುದನ್ನು ಓದಿದವರು ಹೇಳಬೇಕು.

ಎಪ್ಪತ್ತರ ದಶಕದಲ್ಲಿ ನಾವು ಪುಣೆಯ ಸದಾಶಿವ ಪೇಠದಲ್ಲಿ, ತೊಟ್ಟಿಮನೆಯಂಥ ಒಂದು ಹಳೆಯ ವಾಡೆಯ ಹಿಂಭಾಗದ ಅಕ್ಕಪಕ್ಕದ ಕೋಣೆಗಳಲ್ಲಿದ್ದೆವು. ಅವನು ಗುಲಬರ್ಗಾ ಕಡೆಯ ಕುಂಬಾರರ ಮನೆಯವನು, ಹೆಂಡತಿಯೊಂದಿಗೆ ಬಂದಿದ್ದ. ನಾನು ಬಿಜಾಪುರ ಕಡೆಯವನು, ಮ್ಯಾಟ್ರಿಕ್ ಮುಗಿಸಿ ಬಂದ ಒಂಟಿ. ಕೆಲಸ ಒಂದೇ ಕಾರ್ಖಾನೆಯಲ್ಲಿ. ಅಲ್ಲಿ ಬಾಯ್ಲರುಗಳ ಉಗಿಯ ಒತ್ತಡ ತೋರಿಸುವ ಮೀಟರುಗಳು ತಯಾರಾಗುತ್ತಿದ್ದವು. ಮೀಟರಿನ ಬಿಳಿ ಮುಖದ ಮೇಲೆ ಅಚ್ಚಿನಲ್ಲಿ ಮಸುಕಾದ ಅಂಕಿಗಳನ್ನು ತಿದ್ದುವುದು, ಇದರಾಚೆ ಅಪಾಯ ಎಂದು ತೋರಿಸುವ ಕೆಂಪು ಗೆರೆಯನ್ನು ಕೈಯಿಂದ ಎಳೆಯುವುದು ನಮ್ಮ ವಿಭಾಗದ ಕೆಲಸ. ಕೆಂಪು ಗೆರೆ ದೋಸ್ತನದೇ. ಉಸಿರು ಹಿಡಿದು ಒಂದೇ ಎಳೆತ. ಆಮೇಲೆ ಉಸಿರು ಬಿಟ್ಟು, "ಹೋಗವಾ, ಯಾರ ಮನೀನೂ ಸುಡಬ್ಯಾಡ" ಎಂದು ಮೀಟರಿಗೆ ಹೇಳಿ ಪಕ್ಕಕ್ಕಿಡುತ್ತಿದ್ದ.

ದೀಪಾವಳಿ ಬಂತೆಂದರೆ ಪುಣೆಯ ಅಂಗಳಗಳಲ್ಲಿ ಮಣ್ಣಿನ ಕಿಲ್ಲೆಗಳು ಏಳುತ್ತವೆ. ಕಲ್ಲು, ಗೋಣಿತಟ್ಟು, ಕೆಸರಿನಿಂದ ಕೋಟೆ ಕಟ್ಟಿ, ಸಾಸಿವೆ ಚೆಲ್ಲಿ ಹಸಿರು ಮೊಳೆಸಿ, ಪೇಟೆಯಿಂದ ತಂದ ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ಆ ಸಿಪಾಯಿಗಳನ್ನು ಕಂಡರೆ ದೋಸ್ತನಿಗೆ ನಗು.

"ಎಲ್ಲಾರದೂ ಒಂದ ಮಾರಿ ನೋಡು. ಒಂದ ದಿನ, ಒಂದ ತಾಯಿ ಹಡದಂಗ."

ಅವನು ತನ್ನದೇ ಎರಡು ಸೈನ್ಯ ಮಾಡಿದ್ದ. ಒಂದು ಮುಗಿಲಿನದು, ಒಂದು ಪಾತಾಳದ್ದು. ಕಾತ್ರಜದ ಘಟ್ಟದ ಕೆಳಗೆ ಬಸ್ಸಿಳಿದು ನಾವಿಬ್ಬರೂ ಚೀಲದಲ್ಲಿ ಮಣ್ಣು ಹೊತ್ತು ತರುತ್ತಿದ್ದೆವು. ಬೆರಳುದ್ದದ ಗೊಂಬೆಗಳು. ಮುಗಿಲಿನ ಸೈನ್ಯದಲ್ಲಿ ರೆಕ್ಕೆಯ ಕುದುರೆ, ಕೊಕ್ಕಿನ ಆನೆ, ಈಟಿ ಹಿಡಿದ ಗೂಗೆಗಳು. ಪಾತಾಳದ್ದರಲ್ಲಿ ಕೋಣನ ಕೊಂಬಿನವರು, ಹಲ್ಲಿಯ ಮೇಲೆ ಕೂತ ಬಿಲ್ಲುಗಾರರು, ಮತ್ತು ಕೋಟೆಯ ಬಾಗಿಲಿಗೆ ಒಬ್ಬ ಕಪ್ಪೆಮುಖದ ಕಾವಲುಗಾರ. ಮುಗಿಲು ಅವನದು, ಪಾತಾಳ ನನ್ನದು. "ನಿನಗ ಅದ ಒಪ್ತದ ದೋಸ್ತ, ಹಲ್ಲ ನೋಡಕೋ" ಎನ್ನುತ್ತಿದ್ದ.

ಭಾನುವಾರ ಮಧ್ಯಾಹ್ನ ವಾಡೆಯ ಹಿಂದಿನ ಕಟ್ಟೆಯ ಮೇಲೆ ಯುದ್ಧ. ಒಂದು ನಡೆಗೆ ಒಂದು ಗೇಣು, ಬಾಣಕ್ಕೆ ಎರಡು. ಹೊಡೆತ ತಾಗಿತೋ ಇಲ್ಲವೋ ಎಂದು ಕವಡೆ ಹೇಳಬೇಕು. ವಾಡೆಯ ಮಾಲಕಿ ಆಜಿ ತುಳಸಿಗೆ ನೀರು ಹಾಕುತ್ತ ಒಮ್ಮೆ ಕೇಳಿದಳು, "ಹೇ ಕಾನಡಿ ರಾಕ್ಷಸ್ ಕುಠೂನ್ ಆಲೇ ರೇ?" ಈ ಕನ್ನಡದ ರಾಕ್ಷಸರು ಎಲ್ಲಿಂದ ಬಂದರೋ ಎಂದು. ದೋಸ್ತ ತಲೆ ಎತ್ತದೆ, "ಗುಲ್ಬರ್ಗ್ಯಾಹೂನ್, ಆಜಿ. ತಿಕೀಟ್ ಕಾಢೂನ್ ಆಲೇ" ಎಂದ. ಗುಲಬರ್ಗಾದಿಂದ, ಟಿಕೆಟ್ ತೆಗೆಸಿಕೊಂಡೇ! ಆಜಿ ನಗುತ್ತ ತಂಬಿಗೆಯ ನೀರನ್ನು ನನ್ನ ಬಿಲ್ಲುಗಾರರ ಮೇಲೆ ಚೆಲ್ಲಿಬಿಟ್ಟಳು. ಅದನ್ನೂ ಅವನು ಮಳೆ ಎಂದು ಲೆಕ್ಕಕ್ಕೆ ಹಿಡಿದು, ನನ್ನ ಒಂದು ನಡೆ ಕಳೆದ.

ಗೊಂಬೆಗೆ ಮೊದಲು ಸುಣ್ಣದ ಬಿಳಿ, ಆಮೇಲೆ ಮೈ, ಬಟ್ಟೆ, ಆಯುಧ. ಕಣ್ಣು ಕೊನೆಗೆ. ಅಳಿಲಿನ ಬಾಲದ ನಾಲ್ಕೈದು ಕೂದಲು ಕಟ್ಟಿದ ಕುಂಚ ಅದಕ್ಕೆಂದೇ ಬೇರೆ. ಕಣ್ಣಿಲ್ಲದ ಗೊಂಬೆಯನ್ನು ಆಟಕ್ಕೆ ಇಳಿಸುತ್ತಿರಲಿಲ್ಲ. "ಇನ್ನೂ ಮಣ್ಣ ಅದ ಅದು. ಸಿಪಾಯಿ ಆಗಿಲ್ಲ." ಒಡೆದರೆ ಚೂರುಗಳನ್ನು ಎಸೆಯುತ್ತಿರಲಿಲ್ಲ. ಬಣ್ಣ ಕೆರೆದು, ಕುಟ್ಟಿ ಪುಡಿ ಮಾಡಿ ಹೊಸ ಮಣ್ಣಿಗೆ ಕಲಸುತ್ತಿದ್ದ. ಸತ್ತವನು ಮತ್ತೊಬ್ಬನ ಮೈಯಲ್ಲಿ ಇರಬೇಕು ಎಂಬುದು ಅವನ ನೇಮ.

ಒಂದು ವರ್ಷ ದೀಪಾವಳಿ ಹತ್ತಿರ ಬಂದಾಗ ಎರಡೂ ಸೈನ್ಯಕ್ಕೆ ಹೊಸ ಬಣ್ಣ ಬಳಿದ. ಗೊಂಬೆಗಳನ್ನು ಸಾಲಾಗಿ ಇಟ್ಟು ನೋಡಿದೆ. ಅರ್ಧಕ್ಕರ್ಧ ಗೊಂಬೆಗಳ ಕಣ್ಣುಗಳು ಒಂದು ಕಡೆಗೆ ಸರಿದಿದ್ದವು.

"ದೋಸ್ತ, ಇವೆಲ್ಲಾ ಯಾಕ ಬಾಜೂಕ ನೋಡಾಕತ್ತಾವ?"

"ವೈರಿ ಆ ಕಡಿಂದ ಬರಾಂವ ಇದ್ದಾನು" ಎಂದ.

ನಾನು ನಕ್ಕೆ. ಅವನು ನಗಲಿಲ್ಲ. ಕುಂಚ ಕೆಳಗಿಟ್ಟು ಹೇಳಿದ: "ನಡಬರಕ ಒಂದ ಮಬ್ಬ ಕುಂತದ ದೋಸ್ತ. ಸುತ್ತಲಿಂದೆಲ್ಲಾ ಕಾಣ್ತದ. ನೋಡಬೇಕಂದಿದ್ದಷ್ಟ ಕಾಣಂಗಿಲ್ಲ." ಸಕ್ಕರೆ ಕಾಯಿಲೆ ಕಣ್ಣಿಗೆ ಏರಿತ್ತು. ಚಷ್ಮಾದಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ್ದರು. "ಕಾರ್ಖಾನ್ಯಾಗ ಗೊತ್ತಾದ್ರ ಕೈಯಾಗಿನ ಬ್ರಶ್ ಕಸ್ಗೋತಾರ. ನೀ ಒಬ್ಬಾಂವ ಬಾಯಿ ಮುಚ್ಗೊಂಡಿದ್ರ ಸಾಕು." ಸೊಟ್ಟ ಕಣ್ಣಿನ ಗೊಂಬೆಗಳನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟ. "ಇವುಗಳ ಕಣ್ಣ ಒರಸಿ ನೀನ ಬರಿ. ಯಾರಿಗೂ ತೋರಸಬ್ಯಾಡ."

ಕಾರ್ಖಾನೆಯಲ್ಲಿ ಅವನ ಪಕ್ಕಕ್ಕೆ ಕುಳಿತು ಒಂದೊಂದು ಕೆಂಪು ಗೆರೆಯನ್ನೂ ನಾನು ನೋಡಿ ಮುಂದೆ ಕಳಿಸತೊಡಗಿದೆ. ತಪ್ಪಿದ್ದು ಒಂದೆರಡು, ತಿದ್ದಿದೆ. ಕೆಟ್ಟ ಮೀಟರು ಒಂದೂ ಹೊರಗೆ ಹೋಗಲಿಲ್ಲ. ಇದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಎಷ್ಟೋ ವರ್ಷ ನಾನು ನನಗೇ ಬೇರೆ ಕಥೆ ಹೇಳಿಕೊಂಡೆ. ಎಲ್ಲೋ ಒಂದು ಬಾಯ್ಲರು ಸಿಡಿದಿದ್ದರೆ? ನಾನು ಮಾಡಿದ್ದು ನಾಲ್ಕು ಜನರ ಜೀವ ಉಳಿಸಲಿಕ್ಕೆ ಎಂದು. ಅದು ಸುಳ್ಳು. ಅಂಥ ಭಯವಿದ್ದವನು ಮೊದಲು ದೋಸ್ತನ ಮುಂದೆ ಅದನ್ನು ಹೇಳಬೇಕಿತ್ತು.

ಆಗ ನಮ್ಮ ವಿಭಾಗದ ಮುಖ್ಯಸ್ಥ ನಿವೃತ್ತನಾಗುವವನಿದ್ದ. ಆ ಜಾಗ ದೋಸ್ತನಿಗೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಳಗೊಳಗೇ ಒಪ್ಪದವನು ನಾನೊಬ್ಬನೇ. ಅವನು ಹಳ್ಳಿಯ ಶಾಲೆಯಲ್ಲಿ ಮೂರನೇ ಇಯತ್ತೆ, ನಾನು ಮ್ಯಾಟ್ರಿಕ್. ಕಣ್ಣು ನೆಟ್ಟಗಿರುವವನು ನಾನು.

ದೀಪಾವಳಿಯ ದಿನ ನಮ್ಮ ಮೇಲಧಿಕಾರಿ ಫೋರ್ಮನ್ ಸಾಹೇಬರ ಮನೆಗೆ ಹಬ್ಬದ ತಿಂಡಿಗೆ, ಫರಾಳಕ್ಕೆ ಹೋದೆ. ಅಂಗಳದಲ್ಲಿ ಅವರ ಹೆಣ್ಣುಮಕ್ಕಳು ಕಿಲ್ಲೆ ಕಟ್ಟಿ ಮುಗಿಸಿದ್ದರು. ನನ್ನ ಕಿಸೆಯಲ್ಲಿ ಕಪ್ಪೆಮುಖದ ಕಾವಲುಗಾರನಿದ್ದ. ಅವನ ಕಣ್ಣುಗಳನ್ನು ನಾನು ಒರೆಸಿರಲಿಲ್ಲ. ಮನೆಯಿಂದ ಹೊರಡುವಾಗಲೇ ಬೇಕೆಂದು ಆರಿಸಿಕೊಂಡದ್ದು. ಮಕ್ಕಳಿಗೆ ಕೊಟ್ಟೆ. ಅವರು ಕುಣಿದಾಡಿ ತಂದೆಗೆ ತೋರಿಸಿದರು.

"ಯಾರು ಮಾಡಿದ್ದು?" ಸಾಹೇಬರು ಮರಾಠಿಯಲ್ಲಿ ಕೇಳಿದರು. ದೋಸ್ತನ ಹೆಸರು ಹೇಳಿದೆ.

"ಬಣ್ಣವೂ ಅವನದೇ?"

"ಹೌದು ಸಾಹೇಬ. ಹೋದ ವಾರ ಬಳಿದದ್ದು."

ಅವರು ಗೊಂಬೆಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು. ಅದರ ಕಣ್ಣು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ತಟ್ಟೆಯಲ್ಲಿದ್ದ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡೆ. ಬಾಯಿ ಮುಚ್ಚಿಕೊಂಡಿರು ಎಂದಿದ್ದ ದೋಸ್ತ. ನಾನು ಮುಚ್ಚಿಕೊಂಡೇ ಇದ್ದೆ. ಮರಳುವ ದಾರಿಯಲ್ಲಿ ಈ ಜಾಣತನಕ್ಕೆ ನನಗೆ ಹೆಮ್ಮೆಯೂ ಆಯಿತು. ಮಾಡಿದ್ದನ್ನು ಬರೆಯುವುದಕ್ಕಿಂತ ಆ ಹೆಮ್ಮೆಯನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ರಜೆ ಮುಗಿದ ವಾರವೇ ವಿಭಾಗದ ಎಲ್ಲರಿಗೂ ಕಣ್ಣಿನ ತಪಾಸಣೆ ಎಂದು ಚೀಟಿ ಬಂತು. ದೋಸ್ತನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಮೀಟರುಗಳಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ. ಮುಖ್ಯಸ್ಥನ ಕುರ್ಚಿ ನನಗೆ ಬಂತು. ಅವನೇ ಪೇಢೆ ತಂದು ಎಲ್ಲರಿಗೂ ಹಂಚಿದ. "ನನಗ ಏನ್ ಕಮ್ಮಿ ಆಗ್ಯದ? ಹುಲ್ಲಿನ ಕೆಲಸ. ಎತ್ತಿಗೆ ಯಾರರ ಕಣ್ಣ ತಪಾಸ ಮಾಡ್ತಾರೇನ್?"

ಆ ಭಾನುವಾರ ಆಟಕ್ಕೆ ಕುಳಿತಾಗ ನನ್ನ ಸೈನ್ಯದ ಮೇಲೆ ಕೈಯಾಡಿಸಿದ. ಈಗ ಅವನು ಬೆರಳುಗಳಿಂದಲೇ ಎಣಿಸುತ್ತಿದ್ದ.

"ನಿನ್ನ ಕಡೆ ಒಬ್ಬ ಕಮ್ಮಿ ಅದಾನಲ್ಲೋ. ಬಾಗಿಲದಾಗಿನ ಕಪ್ಪಿ ಎಲ್ಲಿ?"

"ಕೈಜಾರಿ ಬಿತ್ತು. ಒಡೀತು."

"ಚೂರರ ತರಬೇಕಿತ್ತಲ್ಲ."

"ಉಡುಗಿ ಒಗದಬಿಟ್ಟೆ."

ಅವನ ಕೈ ಗೊಂಬೆಗಳ ಮೇಲೆಯೇ ನಿಂತಿತು. ನಾನು ಚೂರು ಎಸೆಯುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಆಮೇಲೆ ತನ್ನ ಸೈನ್ಯದಿಂದ ಈಟಿಯ ಗೂಗೆಯೊಂದನ್ನು ಎತ್ತಿ ಪಕ್ಕಕ್ಕಿಟ್ಟ. "ಹಂಗಾರ ನಂದೂ ಒಬ್ಬಾಂವ ಹೊರಗ. ಆಟ ಸಮ ಇರಬೇಕು. ಹಾಕು ಕವಡಿ."

ಆಮೇಲೆಯೂ ಏಳು ವರ್ಷ ಆಡಿದೆವು. ಮಬ್ಬು ದೊಡ್ಡದಾಗುತ್ತ ಹೋಯಿತು. ಯಾವ ಗೊಂಬೆ ಎಲ್ಲಿದೆ ಎಂದು ಮುಟ್ಟಿ ತಿಳಿದು ನನ್ನನ್ನು ಸೋಲಿಸುತ್ತಿದ್ದ. ಕೆಲವು ಭಾನುವಾರ ಕವಡೆ ಹಾಕುವ ಮೊದಲು ಅವನ್ನು ಮುಷ್ಟಿಯಲ್ಲೇ ಹಿಡಿದು, "ಮತ್ತೇನ್ ಸುದ್ದಿ ದೋಸ್ತ? ಹೇಳೂದು ಏನರ ಅದ?" ಎನ್ನುತ್ತಿದ್ದ. ನಾನು ಕಾರ್ಖಾನೆಯ ಸುದ್ದಿ ಹೇಳುತ್ತಿದ್ದೆ.

ಎಂಬತ್ತರ ದಶಕದ ನಡುವೆ ಅವನ ಮೂತ್ರಪಿಂಡಗಳು ಕೈಕೊಟ್ಟವು. ಆಸ್ಪತ್ರೆಗೆ ಎರಡೇ ಸಲ ಹೋದೆ, ಎರಡೂ ಸಲ ಬೇರೆಯವರು ಇರುವ ಹೊತ್ತು ನೋಡಿ. ಹೇಳಬೇಕಾದೀತು ಎಂಬ ಭಯ. ಮೂರನೆಯ ಸಲ ಹೋಗುವ ಮೊದಲೇ ಅವನು ತೀರಿಕೊಂಡ.

ದಿನಕರ್ಮ ಮುಗಿಸಿ ದೋಸ್ತನ ಹೆಂಡತಿ, ನಮ್ಮ ವೈನಿ, ಊರಿಗೆ ಹೊರಟರು. ಸಾಮಾನು ಹೊತ್ತು ಬಸ್ಸಿನವರೆಗೆ ಹೋದೆ. ಅವರು ಒಂದು ಬಿಸ್ಕೀಟಿನ ಡಬ್ಬಿ ಕೊಟ್ಟರು. ಮೇಲೆ ಬಣ್ಣ ಕಾಣದ ಗೊಂಬೆಗಳು, ಅಡಿಯಲ್ಲಿ ಬಟ್ಟೆಯ ಗಂಟೊಂದು. ಬಿಚ್ಚಿದೆ. ಈಟಿಯ ಗೂಗೆ, ಅದರ ಜೊತೆ ಹೊಸ ಕಪ್ಪೆಮುಖದ ಕಾವಲುಗಾರ. ಮೈಯೆಲ್ಲ ಬಣ್ಣವಿತ್ತು, ಗೆರೆ ದಾಟಿ ಅಲ್ಲಲ್ಲಿ ಹರಡಿತ್ತು. ಕಣ್ಣಿರಲಿಲ್ಲ.

"ಇದನ್ನ ಯಾವಾಗ ಮಾಡಿದ?" ಎಂದೆ.

ವೈನಿ ನನ್ನ ಮುಖ ನೋಡಲಿಲ್ಲ. "ಭಾಳ ವರ್ಷ ಆತ್ರಿ ಅಣ್ಣಾರ. ಪ್ಯಾಕಿಂಗಿಗೆ ಹಾಕಿದ ಮರುವರ್ಷ ಸಾಹೇಬರ ಮನಿಗೆ ಫರಾಳಕ್ಕ ಹೋಗಿದ್ವಿ. ಅವರ ಮಗಳು ಆಟಕ್ಕಂತ ಇವರ ಕೈಯಾಗ ಕಪ್ಪಿ ತಂದಿಟ್ಲು. 'ಅಂಕಲ್ ಕೊಟ್ಟಾರ' ಅಂತ ನಿಮ್ಮ ಹೆಸರ ಹೇಳಿದ್ಲು. ಇವರು ಬೆರಳಾಡಿಸಿ ನೋಡಿದ್ರು. ಎರಡ ದಿನ ಗೊಂಬಿ ಮುಟ್ಟಲಿಲ್ಲ. ಮೂರನೇ ದಿನ ಮಣ್ಣ ನೆನಿ ಹಾಕಿದ್ರು."

"ಏನರ ಅಂದ್ನೇನ್ರಿ?"

"'ಬಾಯಿ ಬಿಟ್ಟ ಕೇಳಿದ್ರ ನಾನ ಆ ಜಾಗ ಬಿಟ್ಟಕೊಡ್ತಿದ್ದೆ' ಅಂದ್ರು. ಇದನ್ನ ನೀವಾಗೇ ಖರೇ ಹೇಳಿದ ದಿನ ಕೊಡೂದಂತ ಇಟ್ಟಿದ್ರು. ಪ್ರತಿ ಐತವಾರ ಆಟಕ್ಕ ಬರೂವಾಗ ಕಿಸೆದಾಗ ಹಾಕ್ಕೊಂಡ ಬರತಿದ್ರು."

ಬಸ್ಸು ಹೊರಟಿತು. ವೈನಿ ಕಿಟಕಿಯಿಂದ ಕೈ ಮಾಡಲಿಲ್ಲ, ನಾನೂ ಅದನ್ನು ನಿರೀಕ್ಷಿಸುವ ಹಾಗಿರಲಿಲ್ಲ.

ಡಬ್ಬಿಯ ಗೊಂಬೆಗಳಿಗೆ ಆಮೇಲೆ ಪ್ರತಿ ದೀಪಾವಳಿಗೆ ಒಂದೊಂದರಂತೆ ಬಣ್ಣ ಬಳಿದೆ. ಅವನ ನೆನಪಿಗೆಂದು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆಯೇ ಬಣ್ಣ ಕಲಸಿದೆ. ಎಲ್ಲವಕ್ಕೂ ಕಣ್ಣು ಬಂದವು. ಕಾವಲುಗಾರನನ್ನು ಮಾತ್ರ ಮುಟ್ಟಲಿಲ್ಲ. ಹೇಳಿದ ದಿನ ಸಿಗಬೇಕಾದದ್ದು ಅದು. ಅಲ್ಲಿಯವರೆಗೆ ನನ್ನದಲ್ಲ.

ಹೇಳಬೇಕಾದದ್ದನ್ನು ಇಲ್ಲಿಯವರೆಗೆ ಬರೆದು ಮುಗಿಸಿ ಇಂದು ಬೆಳಿಗ್ಗೆ ಅಳಿಲಿನ ಕೂದಲಿನ ಕುಂಚ ತೆಗೆದೆ. ನನಗೂ ಈಗ ಕಣ್ಣಿನಲ್ಲಿ ಪೊರೆ. ಉಸಿರು ಹಿಡಿದು ಕಾವಲುಗಾರನಿಗೆ ಎರಡು ಚುಕ್ಕೆ ಇಟ್ಟೆ. ಎರಡೂ ಬಲಕ್ಕೆ ಸರಿದವು. ಒರೆಸಲೆಂದು ತೆಗೆದುಕೊಂಡ ಬಟ್ಟೆಯನ್ನು ಹಾಗೇ ಕೆಳಗಿಟ್ಟೆ. ಗೂಗೆಯನ್ನು ಮುಗಿಲಿನ ಸಾಲಿಗೆ, ಅವನನ್ನು ಪಾತಾಳದ ಬಾಗಿಲಿಗೆ ನಿಲ್ಲಿಸಿದೆ. ಆಟ ಸಮವಾಯಿತು. ಕಾವಲುಗಾರ ನನ್ನನ್ನು ನೋಡುತ್ತಿಲ್ಲ. ಬಣ್ಣ ಬಳಿಯುವಾಗ ದೋಸ್ತ ಕೂರುತ್ತಿದ್ದ, ನನ್ನ ಪಕ್ಕದ ಜಾಗವನ್ನು ನೋಡುತ್ತಿದ್ದಾನೆ.