ಬಾಗಿಲಾಚೆ ನಿಲ್ಲುತ್ತಿದ್ದ ಊರುಗೋಲು

ನಮ್ಮ ಚಿಕ್ಕಪ್ಪನ ಊರುಗೋಲಿಗೆ ಅವರ ಮನೆಯೊಳಗೆ ಪ್ರವೇಶವಿರಲಿಲ್ಲ. ಹುಣಸೂರಿನಿಂದ ಅಷ್ಟೇನೂ ದೂರವಲ್ಲದ ಆ ಹಳ್ಳಿಗೆ ನೀವು ಯಾವಾಗಲಾದರೂ ಹೋಗಿದ್ದರೆ, ಜಗಲಿಯ ಕೆಳಗೆ ಚಪ್ಪಲಿಗಳ ಸಾಲಿನ ಪಕ್ಕ ಗೋಡೆಗೊರಗಿ ನಿಂತಿರುತ್ತಿದ್ದ ಬಿದಿರಿನ ಕೋಲನ್ನು ಖಂಡಿತ ನೋಡಿರುತ್ತಿದ್ದಿರಿ. ಕೆಸರು, ಸಗಣಿ ಊರಿ ಬಂದದ್ದು ಒಳಗೆ ಬರಬಾರದೆಂಬುದು ಬಾಯಿಬಿಟ್ಟು ಹೇಳುವ ಕಾರಣ. ದೇವರ ಮುಂದೆ, ಹಿರಿಯರ ಮುಂದೆ, ಕುರ್ಚಿಯಲ್ಲಿ ಕೂತವರ ಮುಂದೆ ಕೋಲು ಹಿಡಿದು ನಿಲ್ಲುವುದು ಮರ್ಯಾದೆಯಲ್ಲವೆಂಬುದು ಹೇಳದ ಕಾರಣ. ಹಾಗಾಗಿ ಮನೆಯೊಳಗೆ ಅವರು ಕಂಬ, ಗೋಡೆ, ಚಿಕ್ಕಮ್ಮನ ಭುಜ, ಈ ಮೂರನ್ನೇ ನಂಬಿಕೊಂಡು ಓಡಾಡುತ್ತಿದ್ದರು.

ಅವರು ಬಿದ್ದದ್ದು ಹೊಗೆಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಎತ್ತರದ ಕಟ್ಟಡ, ಬ್ಯಾರನ್ನಿನಲ್ಲಿ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಿನ ಸಾಲಿಗೆ ಏರಿಸುವಾಗ ಕಾಲು ಜಾರಿ, ಸೊಂಟ ಮುರಿದು, ಬಲಗಾಲು ಹೆಸರಿಗಷ್ಟೇ ಕಾಲಾಗಿ ಉಳಿಯಿತು. ಅಂದಿನಿಂದ ಅವರಿಗೆ ಸರ್ಕಾರದ ಅಂಗವಿಕಲರ ಮಾಸಾಶನ ಬರುತ್ತಿದೆ. ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿಯಿದೆ. ಅಲ್ಲಿ ಕೂತು ನಾನು ಚೌಕಾಸಿಯನ್ನು ಎಷ್ಟು ಬೇಕಾದರೂ ಸಹಿಸಿಯೇನು, ಆದರೆ ‘ಅವರಿಗೇನು ಬಿಡಿ, ಪುಕ್ಕಟೆ ದುಡ್ಡು’ ಎನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆ ದುಡ್ಡಿನಿಂದಲೇ ಚಿಕ್ಕಪ್ಪ ತಮ್ಮ ನೋವಿನ ಮಾತ್ರೆ ತಾವೇ ಕೊಳ್ಳುತ್ತಿದ್ದರು, ಮಗನ ಮುಂದೆ ಕೈಚಾಚದೆ ಬದುಕುತ್ತಿದ್ದರು.

ಹೀಗಿರುವಾಗ ಅಂಗವೈಕಲ್ಯದ ಮರುತಪಾಸಣೆಗೆ ಕರೆ ಬಂತು. ಡಾಕ್ಟರು ಬರೆಯುವ ಪರ್ಸೆಂಟು ಇಳಿದರೆ ಮಾಸಾಶನ ನಿಂತುಹೋಗುತ್ತದೆ, ಪಿರಿಯಾಪಟ್ಟಣದ ಕಡೆ ಯಾರಿಗೋ ಆಗಲೇ ನಿಂತಿದೆಯಂತೆ ಎಂಬ ಸುದ್ದಿಯೂ ಅದರ ಬೆನ್ನಿಗೇ ಬಂತು. ಚಿಕ್ಕಮ್ಮ ಊಟ ಬಿಟ್ಟರು. ಚಿಕ್ಕಪ್ಪ ಮಾತ್ರ ಹೆಣ್ಣು ನೋಡಲು ಹೊರಟವರಂತೆ ಇಸ್ತ್ರಿಯ ಪಂಚೆ ಉಟ್ಟು, ಹಣೆತುಂಬ ವಿಭೂತಿ ಧರಿಸಿ, ಮುಖ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಸಿದ್ಧರಾದರು. ಚಿಕ್ಕಮ್ಮ, ನಾನು ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ ನೋಡಿದರೆ ಇವರೊಬ್ಬರೇ ಅಲ್ಲ, ಕಾರಿಡಾರಿನ ಸಾಲಿನಲ್ಲಿದ್ದವರೆಲ್ಲ ಪೆಟ್ಟಿಗೆಯಿಂದ ತೆಗೆದ ಬಟ್ಟೆಯಲ್ಲೇ ಇದ್ದರು. ನಿನ್ನ ಕುಂದನ್ನು ತೋರಿಸು ಬಾ ಎಂದು ಸರ್ಕಾರ ಕರೆದರೆ, ನಮ್ಮ ಜನ ತಮ್ಮಲ್ಲಿರುವ ಚೆಂದವನ್ನೆಲ್ಲ ಹೊತ್ತು ತಂದಿದ್ದರು.

ಡಾಕ್ಟರ ಕೋಣೆಯ ಹೊರಗೆ ಚಪ್ಪಲಿಗಳ ರಾಶಿಯಿತ್ತು. ಸರದಿ ಬಂದಾಗ ಚಿಕ್ಕಪ್ಪ ಚಪ್ಪಲಿ ಕಳಚಿದರು. ಅದರ ಪಕ್ಕದಲ್ಲೇ ಕೋಲನ್ನೂ ಗೋಡೆಗೊರಗಿಸಿದರು. ನಾನು ಕೋಲನ್ನೆತ್ತಿಕೊಂಡು ಹಿಂದೆಯೇ ಹೋದೆ.

“ಸುಮ್ನಿರ್ಲಾ. ಡಾಕ್ಟ್ರ ಮುಂದೆ ದೊಣ್ಣೆ ಇಡ್ಕಂಡು ನಿಂತ್ಕಳಕ್ಕಾಯ್ತದಾ?” ಎಂದವರೇ ಒಳಗೆ ನಡೆದುಬಿಟ್ಟರು. ಹೌದು, ನಡೆದರು. ತುಟಿ ಕಚ್ಚಿಕೊಂಡು, ಮೇಜಿನ ಅಂಚಿನವರೆಗೂ, ಯಾರನ್ನೂ ಹಿಡಿಯದೆ. ಬೆವರು ಇಳಿದು ವಿಭೂತಿ ಕರಗುತ್ತಿದ್ದುದು ಬಾಗಿಲಲ್ಲಿದ್ದ ನಮಗೆ ಕಾಣುತ್ತಿತ್ತು, ತಲೆ ತಗ್ಗಿಸಿ ಬರೆಯುತ್ತಿದ್ದ ಡಾಕ್ಟರಿಗೆ ಕಾಣಲಿಲ್ಲ.

“ಹೇಗಿದ್ದೀರಿ ಯಜಮಾನ್ರೇ?”

“ಚೆನ್ನಾಗಿವ್ನಿ ಸ್ವಾಮಿ, ನಿಮ್ಮ ದಯೆ.”

“ಓಡಾಡೋಕೆ ತೊಂದರೆ ಇದೆಯಾ?”

“ಅಂತಾದ್ದೇನಿಲ್ಲ ಸ್ವಾಮಿ. ಎಂಗೋ ನಡೀತಾ ಅದೆ.”

ಹೇಗಿದ್ದೀರಿ ಎಂದು ಕೇಳಿದವರಿಗೆ ಚೆನ್ನಾಗಿಲ್ಲ ಎನ್ನುವುದನ್ನು ನಮ್ಮ ಸೀಮೆಯಲ್ಲಿ ಯಾರೂ ಮಕ್ಕಳಿಗೆ ಕಲಿಸುವುದಿಲ್ಲ. ಜ್ವರದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರೂ ಬಂದವರಿಗೆ ಚೆನ್ನಾಗಿದ್ದೀನಿ ಎಂದು ಹೇಳಿ, ಕಾಫಿ ಮಾಡಿಸಿ ಕಳಿಸುತ್ತೇವೆ. ಈ ಸೌಜನ್ಯ ನನಗೆ ಬಲು ಇಷ್ಟದ್ದು. ಆದರೆ ಆ ಗಳಿಗೆಯಲ್ಲಿ ಅದನ್ನು ಹಿಡಿದು ಅಲುಗಾಡಿಸಿಬಿಡುವಷ್ಟು ಸಿಟ್ಟು ಬಂತು. ಡಾಕ್ಟರು ಕಾಗದವನ್ನು ಹತ್ತಿರಕ್ಕೆಳೆದುಕೊಂಡು ಪೆನ್ನನ್ನು ಊರಿದರು.

“ಸುಳ್ಳು ಸ್ವಾಮಿ!”

ಚಿಕ್ಕಮ್ಮ. ಗಂಡನಿಗಿಂತ ಮುಂದಾಗಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. “ಇವ್ರು ಏಳ್ತಿರೋದೆಲ್ಲ ಸುಳ್ಳು. ಕಕ್ಕಸಿಗೆ ನಾನೇ ಇಡ್ಕಂಡು ಕೂರುಸ್ಬೇಕು, ನಾನೇ ಎಬ್ಬುಸ್ಬೇಕು. ಮಲಗಿದ್ರೆ ಮಗ್ಗುಲಾಗಕ್ಕಾಗಕಿಲ್ಲ. ಈ ಪಂಚೆ ಉಡ್ಸಿರೋಳೂ ನಾನೇಯ.” ಸಾಲಿನಲ್ಲಿದ್ದವರೆಲ್ಲ ಬಾಗಿಲತ್ತ ಕತ್ತು ಚಾಚಿದರು. ಚಿಕ್ಕಪ್ಪ ತಿರುಗಿ ನೋಡಲಿಲ್ಲ. ಅವರ ಕಿವಿಗಳು ಮಾತ್ರ ಕೆಂಪಗಾದವು.

ಡಾಕ್ಟರು ಪೆನ್ನು ಕೆಳಗಿಟ್ಟು, ಅವರನ್ನು ಮಂಚದ ಮೇಲೆ ಮಲಗಿಸಿ ಕಾಲನ್ನು ಮಡಿಸಿ ನೋಡಿದರು. ಚಿಕ್ಕಪ್ಪ ಕೂಗಿಕೊಂಡರು. ಪರ್ಸೆಂಟು ಇಳಿಯಲಿಲ್ಲ.

ಮಾಸಾಶನ ಉಳಿಯಿತು. ಆದರೆ ಹಿಂದಿರುಗುವ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ಚಿಕ್ಕಪ್ಪ ಕಿಟಕಿಯತ್ತ ಮುಖ ತಿರುಗಿಸಿಕೊಂಡೇ ಬಂದರು. ಸರ್ಕಾರವನ್ನು ಬೈಯೋಣವೆಂದರೆ, ಪರೀಕ್ಷಿಸದೆ ಕೊಡಲು ಅದಕ್ಕೂ ಆಗದು. ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದ ಗಂಡನ ಮಾನವನ್ನು ಚಿಕ್ಕಮ್ಮ ನಾಲ್ಕು ಜನರ ಮುಂದೆ ಬಿಚ್ಚಬೇಕಾಯಿತು, ಅದೂ ಅವರಿಗಾಗಿಯೇ. ಅಂದಿನಿಂದ ಚಿಕ್ಕಪ್ಪ ಹೆಂಡತಿಯ ಭುಜ ಹಿಡಿಯುವುದನ್ನು ಬಿಟ್ಟರು. ಗೋಡೆ ತಡವರಿಸುತ್ತ ಹೋಗುವರು; ಬಿದ್ದಾರೆಂಬ ದಿಗಿಲಿನಿಂದ ಚಿಕ್ಕಮ್ಮ ಎರಡು ಹೆಜ್ಜೆ ಹಿಂದೆ ಸದ್ದಿಲ್ಲದೆ ನಡೆಯುವರು. ನೋಡಲು ನನಗೇ ಸಂಕಟವಾಗುತ್ತಿತ್ತು.

ಮೊನ್ನೆ ನಾನು ಅಲ್ಲಿದ್ದಾಗಲೇ ಸಾಲಿಗ್ರಾಮದಿಂದ ಚಿಕ್ಕಪ್ಪನ ಸೋದರಮಾವ ಬಂದರು, ಹಣ್ಣು ಹಣ್ಣು ಮುದುಕರು. ಬಂದವರು ಚಾಪೆಯ ಮೇಲೆ ಕೂತು ಎಲ್ಲರೂ ಕೇಳುವುದನ್ನೇ ಕೇಳಿದರು: “ಏನ್ಲಾ, ಚೆನ್ನಾಗಿದೀಯಾ?”

ಚಿಕ್ಕಪ್ಪ ಅಡುಗೆಮನೆಯತ್ತ ಗಲ್ಲ ಚಾಚಿದರು.

“ಅವಳನ್ನೇ ಕೇಳಿ ಮಾವ. ನನ್ನ ವಿಚಾರ ಏಳೋದ್ರಲ್ಲಿ ಅವಳೇ ಉಷಾರು.”

ಅಡುಗೆಮನೆಯ ಬಾಗಿಲಿಗೆ ಬಂದ ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತ್ತು. “ಒಂದ್ಸಲ ಏಳಿ ನಾನು ಪಟ್ಟಿದ್ದು ಸಾಕು,” ಎಂದರು. “ನೋವು ನಿಮ್ದು. ನೀವೇ ಬಾಯ್ಬಿಟ್ಟು ಏಳಿ.”

ಚಿಕ್ಕಪ್ಪ ತಮ್ಮ ಬಲಗಾಲಿನ ಮೇಲೆ ಕೈಯಿಟ್ಟರು. ಆಮೇಲೆ ಮೆಲ್ಲಗೆ, “ನೋಯ್ತದೆ ಮಾವ. ಬಾಳ ನೋಯ್ತದೆ,” ಎಂದರು. ಹಿರಿಯರ ಮುಂದೆ ಕೂತೇ ಇದ್ದುದು ನೆನಪಾಗಿಯೋ ಏನೋ, ಏಳಲು ಗೋಡೆಗೆ ಕೈಚಾಚಿದವರು ಅದನ್ನು ಹಿಂದಕ್ಕೆಳೆದುಕೊಂಡು ಹೆಂಡತಿಯತ್ತ ತಿರುಗಿದರು.

“ಆ ಕೋಲು ತಕ್ಕಂಬಾ.”

ಚಿಕ್ಕಮ್ಮ ಹೊರಗೆ ಹೋಗಿ, ಚಪ್ಪಲಿಗಳ ಪಕ್ಕದಿಂದ ಕೋಲನ್ನೆತ್ತಿ, ಅದರ ಬುಡಕ್ಕೆ ಒಂದು ಚೊಂಬು ನೀರು ಹುಯ್ದು, ಸೆರಗಿನಿಂದ ಒರೆಸಿ ಒಳಗೆ ತಂದರು. ಚಿಕ್ಕಪ್ಪ ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದು ಕೈಯನ್ನು ಹೆಂಡತಿಯ ಭುಜದ ಮೇಲಿಟ್ಟು, ಮಾವನ ಮುಂದೆ ಎದ್ದು ನಿಂತರು.