ಸಪ್ಪಳ ಕೇಳಲು ಹೋದದ್ದು

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರೂ ಮೆತ್ತಗೆ ಮಾತಾಡುವುದಿಲ್ಲ. ಬೆಳಗಾದರೆ ಎರಡೂ ಬದಿಯ ಮನೆಗಳಲ್ಲಿ ಪವರ್‌ಲೂಮ್ ಮಗ್ಗಗಳು ಶುರುವಾಗುತ್ತವೆ. ಆ ಖಟಖಟದಲ್ಲಿ ಮೆತ್ತಗೆ ಮಾತಾಡಿದರೆ ಎದುರಿಗಿದ್ದವನಿಗೆ ತುಟಿ ಅಲ್ಲಾಡಿದ್ದಷ್ಟೇ ಕಾಣುತ್ತದೆ. ಹಾಗಾಗಿ ಒದರುತ್ತೇವೆ, ಇಲ್ಲವೇ ಕೈಸನ್ನೆ ಮಾಡುತ್ತೇವೆ. ಪರ ಊರಿನ ಬೀಗರು ಬಂದರೆ ನಾವು ಜಗಳಕ್ಕೆ ನಿಂತಿದ್ದೇವೆ ಎಂದುಕೊಂಡು ಗಾಬರಿಯಾಗುತ್ತಾರೆ. ಇಂಥ ಊರಿನಲ್ಲಿ ಒಬ್ಬ ಮನುಷ್ಯನ ಕಿವಿ ಹೋಗುತ್ತಿದ್ದರೆ ಅದು ಯಾರಿಗೆ ಗೊತ್ತಾಗಬೇಕು? ನನ್ನ ಗೆಳೆಯನ ಕಿವಿ ಹೋಗುತ್ತಿತ್ತು. ಅವನ ಹೆಂಡತಿಗೂ ಗೊತ್ತಾಗಲಿಲ್ಲ, ದಿನಾ ಅವನ ಜೊತೆ ಕೂತು ಚಹಾ ಕುಡಿಯುವ ನನಗೂ ಗೊತ್ತಾಗಲಿಲ್ಲ.

ಅವನೂ ನಾನೂ ಎದುರುಬದುರು ಮನೆಯಲ್ಲಿ ಬೆಳೆದವರು. ಮಗ್ಗದ ಸಹವಾಸವೇ ಬೇಡವೆಂದು ನಾನು ಜಮಖಂಡಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡೆ. ಅವನು ಅಪ್ಪನ ಮಗ್ಗಗಳನ್ನೇ ನಡೆಸಿಕೊಂಡು ಉಳಿದ. ಇಬ್ಬರಿಗೂ ಇದ್ದ ಚಟ ಒಂದೇ, ರೇಸ್ ಬೈಕು. ಕೊಲ್ಲಾಪುರಕ್ಕೆ ಹೋಗಿ ಯಾರೋ ಓಡಿಸಿ ಬಿಟ್ಟ ಎರಡು ಗಾಡಿ ತಂದೆವು. ಅವುಗಳ ಹ್ಯಾಂಡಲ್ ಕೆಳಗೆ, ಸೀಟು ಮೇಲೆ. ಪೆಟ್ರೋಲ್ ಟಾಕಿಯ ಮೇಲೆ ಬೋರಲು ಬಿದ್ದೇ ಓಡಿಸಬೇಕು. ನಲವತ್ತು ದಾಟಿ ಹೊಟ್ಟೆ ಬಂದ ನಮ್ಮಂಥವರು ಅದನ್ನು ಹತ್ತಿದರೆ ನೋಡುವವರಿಗೆ ಪುಕ್ಕಟೆ ತಮಾಷೆ. "ಇಬ್ಬರೂ ಟಾಕಿಗಿ ಮುತ್ತ ಕೊಡಾಕ ಹೊಂಟಾರ ನೋಡ್ರಿ" ಎಂದು ಕಟ್ಟೆಯ ಮೇಲಿನ ಮುದುಕರು ಕಿಚಾಯಿಸುತ್ತಿದ್ದರು.

ಅವನು ಮೊದಲು ಸೈಲೆನ್ಸರ್ ತೆಗೆಸಿ ಸ್ವಲ್ಪ ಜೋರಿನದು ಹಾಕಿಸಿದ. ಕೆಲವು ತಿಂಗಳಿಗೆ ಅದನ್ನೂ ತೆಗೆಸಿ ಇನ್ನೂ ಜೋರಿನದು ಹಾಕಿಸಿದ. ಓಣಿಯ ಹೆಂಗಸರು ಬೈದರು. ಮುಧೋಳದಲ್ಲಿ ಪೊಲೀಸರು ಹಿಡಿದು ನಿಲ್ಲಿಸಿದರು. ನಾನಂತೂ ಬಾಯಿಗೆ ಬಂದಂತೆ ಬೈದೆ, ಮುದಿ ವಯಸ್ಸಿನಲ್ಲಿ ಕಾಲೇಜು ಹುಡುಗರ ಹುಚ್ಚು ಯಾಕೆ ಎಂದೆ. ಅವನು ನನ್ನ ತುಟಿಯನ್ನೇ ನೋಡುತ್ತ ನಕ್ಕ.

ಡಿಸೆಂಬರ್ ಶುರುವಿನಲ್ಲಿ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದ. ಗಿರಾಕಿ ಹೋಗುವವರೆಗೆ ಬಾಕಿನ ಮೇಲೆ ಕೂತಿದ್ದು, ಆಮೇಲೆ ಎದ್ದು ಬಂದು ಕೌಂಟರಿಗೆ ಆತು ನಿಂತ.

"ಮಿರಜಕ್ಕ ಹೋಗಿದ್ನಿ. ಕಿವಿ ತೋರಿಸಾಕ" ಎಂದ. "ಮಗ್ಗದ ಸಪ್ಪಳಕ್ಕ ಒಳಗಿನ ನರ ಸತ್ತಾವಂತ. ಎಡಗಡೀದು ಮುಗದೈತಿ. ಬಲಗಡೀದು ಮುಗ್ಯಾಕ ಬಂದೈತಿ."

ನಾನು ಕಿವಿಗೆ ಮಶಿನ್ ಹಾಕಿಸಿದರೆ ಹೇಗೆ ಎಂದು ಕೇಳಿದೆ. ನರವೇ ಸತ್ತರೆ ಮಶಿನ್ ಏನು ಮಾಡುತ್ತದೆ ಎಂದು ಡಾಕ್ಟರು ಅಂದರಂತೆ. ಮನೆಯಲ್ಲಿ ಹೇಳಿದೆಯಾ ಎಂದೆ. ಅವನಿಗೆ ಸಿಟ್ಟು ಬಂತು.

"ನಮ್ಮಪ್ಪನ್ನ ಮರತ್ಯೇನ್ಲೇ? ಕಡೀಕ ಕಿವಿ ಹೋಗಿ ಅಂವಾ ಏನ ಕೇಳಿದ್ರೂ ನಕ್ಕೋತ ಕುಂದರತಿದ್ದ. ನಾವೆಲ್ಲಾ ಅವನ್ನ ನೋಡಿ ನಗತಿದ್ವಿ. ನೀನೂ ನಗತಿದ್ದಿ. ಯಾರಿಗೂ ಹೇಳಬ್ಯಾಡ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವನು ಮುಂದುವರಿಸಿದ. ಗೋವಾದಲ್ಲಿ ಈ ತಿಂಗಳು ಬೈಕುಗಳ ದೊಡ್ಡ ಮೇಳವಿದೆ, ದೇಶದ ಮೂಲೆಮೂಲೆಯಿಂದ ಗಾಡಿ ಬರುತ್ತವೆ, ಕಡೆಯ ಸಂಜೆ ಎಲ್ಲರೂ ಒಟ್ಟಿಗೆ ಗಾಡಿ ಚಾಲೂ ಮಾಡಿ ಎಕ್ಸಲೇಟರ್ ಕೊಡುತ್ತಾರೆ. "ಸಾವಿರ ಗಾಡಿ, ಒಮ್ಮೆಗೇ. ಇದ್ದ ಕಿವಿ ಮುಗಿಯೂದರಾಗ ಆ ಸಪ್ಪಳ ಕೇಳಬೇಕಲೇ ದೋಸ್ತ. ಬರ್ತಿಯೋ ಇಲ್ಲೋ ಹೇಳು."

ಅಂಗಡಿಗೆ ಬೀಗ ಹಾಕಿ ಹೋಗುವುದು ನನಗೆ ಸುಲಭವಿರಲಿಲ್ಲ. ಆದರೂ ಹ್ಞೂಂ ಅಂದೆ.

ಹೊರಡುವ ಮುಂಜಾನೆ ಅವನ ಹೆಂಡತಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅವನು ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ನನ್ನನ್ನು ಬಾಗಿಲ ಮರೆಗೆ ಕರೆದಳು.

"ಅಣ್ಣಾರ, ಅವ್ರಿಗಿ ನನ್ನ ಮ್ಯಾಲ ಏನರ ಸಿಟ್ಟೈತೇನ್ರಿ? ಒಳಗಿಂದ ಎಷ್ಟ ಒದರಿದ್ರೂ ಹ್ಞೂಂ ಅನ್ನಂಗಿಲ್ಲ. ಹಿಂದ ನಿಂತ ಕರದ್ರ ತಿರುಗಿ ಸುದ್ಧಾ ನೋಡಂಗಿಲ್ಲ. ನಾ ಏನ ತಪ್ಪ ಮಾಡೇನಂತ ಹಾದ್ಯಾಗ ಒಂದ ಮಾತ ಕೇಳ್ರಿ."

ಮಾತು ಕೊಟ್ಟಿದ್ದೆ, ಹೇಳುವಂತಿರಲಿಲ್ಲ. ಕೇಳುತ್ತೇನೆ ಎಂದಷ್ಟೇ ಹೇಳಿ ಹೆಲ್ಮೆಟ್ ಹಾಕಿಕೊಂಡೆ.

ಕಬ್ಬು ನುರಿಸುವ ಕಾಲ. ಮಹಾಲಿಂಗಪುರ ದಾಟುವುದರೊಳಗೇ ಸಮೀರವಾಡಿ ಸಕ್ಕರೆ ಕಾರ್ಖಾನೆಯ ಹುಳಿ ವಾಸನೆ ಹೆಲ್ಮೆಟ್ಟಿನೊಳಗೆ ಬಂತು. ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಕಬ್ಬು ಹಿಂದೆ ಇಳಿಬಿದ್ದು ಅವುಗಳ ಲೈಟು ಮುಚ್ಚಿರುತ್ತದೆ. ಆದರೆ ನಮ್ಮ ಕಡೆಯ ಡ್ರೈವರುಗಳು ಹಾಡು ಹಚ್ಚದೆ ಟ್ರ್ಯಾಕ್ಟರ್ ಹೊಡೆಯುವುದಿಲ್ಲ. ಮಂಜಿರಲಿ, ಧೂಳಿರಲಿ, ಕಬ್ಬಿನ ಸಾಲಿನ ಮರೆಯಿರಲಿ, ಮೊದಲು ಹಾಡು ಬರುತ್ತದೆ, ಆಮೇಲೆ ಟ್ರ್ಯಾಕ್ಟರ್ ಬರುತ್ತದೆ. ನಾವೆಲ್ಲ ಈ ರಸ್ತೆಯಲ್ಲಿ ಕಿವಿಯಿಂದಲೇ ಗಾಡಿ ಓಡಿಸಲು ಕಲಿತವರು. ಇದು ನನಗೆ ಹೊಳೆದದ್ದು ರನ್ನ ಬೆಳಗಲಿ ದಾಟಿದ ಮೇಲೆ.

ಅವನು ಮುಂದಿದ್ದ, ನಾನು ಹಿಂದೆ. ಎಡಗಡೆಯ ಹೊಲದ ದಾರಿಯಿಂದ ಹಾಡು ಕೇಳಿಸಿತು, ಹಾರ್ನೂ ಕೇಳಿಸಿತು. ನಾನು ಬ್ರೇಕ್ ಹಿಡಿದೆ. ಅವನು ಹಿಡಿಯಲಿಲ್ಲ. ಟಾಕಿಯ ಮೇಲೆ ಬಗ್ಗಿದವನು ಬಗ್ಗಿದಂತೆಯೇ ಹೋದ. ಟ್ರ್ಯಾಕ್ಟರಿನ ಮೂತಿ ರಸ್ತೆಗೆ ಬಂದದ್ದೂ ಅವನು ಅದರ ಮುಂದೆ ಹಾದದ್ದೂ ಒಟ್ಟಿಗೇ ಆಯಿತು. ನಾನು ಹೆಲ್ಮೆಟ್ಟಿನೊಳಗೆ ಅವನ ಹೆಸರು ಹಿಡಿದು ಕಿರುಚಿದೆ. ಕಿರುಚಿ ಏನು ಪ್ರಯೋಜನ?

ಮುಧೋಳದ ಹೊಳೆಯ ಸೇತುವೆ ಬರುವ ಮೊದಲು ಅವನನ್ನು ಅಡ್ಡಗಟ್ಟಿ ನಿಲ್ಲಿಸಿದೆ. ಬೈಯತೊಡಗಿದೆ. ಅವನು ಹುಬ್ಬು ಗಂಟಿಕ್ಕಿ ನನ್ನ ಹೆಲ್ಮೆಟ್ಟನ್ನು ನೋಡಿದ.

"ಅದನ್ನ ತಗದ ಮಾತಾಡು. ಬಾಯಿ ಕಾಣಲಿ."

ಹೆಲ್ಮೆಟ್ ತೆಗೆದೆ. ಬಲಗಡೆಯ ಕಿವಿ ಇನ್ನೂ ಇದೆ ಅಂದಿದ್ದೆಯಲ್ಲ ಎಂದು ಕೇಳಿದೆ. ಗಾಳಿಯಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ಅಷ್ಟೇ ಎಂದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ತಿರುಗಿ ಮನೆಗೆ ಹೋಗೋಣ ಎಂದೆ. ಅವನು ಗಾಡಿ ಚಾಲೂ ಮಾಡಿದ. ಹೋಗುವುದಾದರೆ ನಾನು ಮುಂದೆ, ನೀನು ಹಿಂದೆ ಎಂದೆ. ಒಪ್ಪಿಕೊಂಡ.

ಅಲ್ಲಿಂದ ನಮ್ಮ ಮಗ್ಗದ ಮನೆಯ ಸನ್ನೆಗಳು ಕೆಲಸಕ್ಕೆ ಬಂದವು. ಎಳೆ ಹರಿಯಿತು ಅನ್ನಲು ಎರಡು ಬೆರಳು ಅಗಲಿಸುತ್ತೇವೆ. ರಸ್ತೆ ಕೆಟ್ಟಲ್ಲಿ ಅದನ್ನು ತೋರಿಸಿದೆ. ಮಾಲಕ ಬಂದ ಅನ್ನಲು ಮೀಸೆ ಮುಟ್ಟಿಕೊಳ್ಳುತ್ತೇವೆ. ಪೊಲೀಸರು ಕಂಡಲ್ಲಿ ಹೆಲ್ಮೆಟ್ಟಿನ ಮೂತಿ ಮುಟ್ಟಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಅವನ ಭುಜ ನಗುವಿಗೆ ಕುಣಿಯುತ್ತಿತ್ತು. ಬೆಳಗಾವಿಯ ಹತ್ತಿರ ಚಹಾದಂಗಡಿಯಲ್ಲಿ ಮೇಳಕ್ಕೇ ಹೊರಟಿದ್ದ ಕೆಲವು ಹುಡುಗರು ಸಿಕ್ಕರು. ಹೆಲ್ಮೆಟ್ಟಿನೊಳಗೆ ಮಾತಾಡುವ ಅವರ ಮಶಿನ್ ತೋರಿಸಿ, ನಿಮ್ಮದು ಯಾವ ಕಂಪನಿಯದು ಎಂದು ಕೇಳಿದರು. ಅವನು ಗಂಭೀರವಾಗಿ ಹತ್ತು ಬೆರಳು ಅಗಲಿಸಿ ತೋರಿಸಿದ.

ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಚೋರ್ಲಾ ಘಾಟಿನಲ್ಲಿ ಎಲ್ಲರೂ ಕಾಡು ನೋಡುತ್ತಾರಂತೆ. ನಾನು ನೋಡಿದ್ದು ತಿರುವು ತಿರುವಿಗೂ ಮರೆಯಾಗಿ ಮತ್ತೆ ಕಾಣುವ ಅವನ ಹೆಡ್‌ಲೈಟ್ ಒಂದನ್ನೇ. ಮಣಿಕಟ್ಟು ಉರಿಯುತ್ತಿತ್ತು, ಬೆನ್ನು ಬಾಗಿದಲ್ಲೇ ಹಿಡಿದುಕೊಂಡಿತ್ತು, ಇಂಜಿನ್ ಬಿಸಿಗೆ ತೊಡೆ ಬೇಯುತ್ತಿತ್ತು. ಯಾಕಾದರೂ ಬಂದೆನೋ ಎಂದು ಅವನನ್ನೂ ನನ್ನನ್ನೂ ಶಪಿಸಿಕೊಂಡೆ.

ಮೇಳದ ಬಯಲಿನಲ್ಲಿ ಕಣ್ಣು ಹಾಯುವವರೆಗೆ ಗಾಡಿ. ಆ ಸೆಕೆಯಲ್ಲೂ ಚರ್ಮದ ಜಾಕೀಟು ಹಾಕಿಕೊಂಡು ಬೆವರುತ್ತಿದ್ದ ಜನ, ಒಬ್ಬರ ಗಾಡಿಯ ಮುಂದೆ ಇನ್ನೊಬ್ಬರು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಅದೆಲ್ಲ ಸೇರಲಿಲ್ಲ. ಅವನು ಮಾತ್ರ ಒಂದೊಂದು ಗಾಡಿಯ ಹತ್ತಿರವೂ ನಿಂತು, ಯಾರಾದರೂ ಚಾಲೂ ಮಾಡಿದರೆ ಬಲಗಡೆಯ ಕಿವಿ ತಿರುಗಿಸಿ ಬಗ್ಗುತ್ತಿದ್ದ.

ಕಡೆಯ ಸಂಜೆ ಎಲ್ಲರೂ ತಮ್ಮ ತಮ್ಮ ಗಾಡಿ ಹತ್ತಿದರು. ವೇದಿಕೆಯ ಮೇಲಿನವನು ಕೈ ಇಳಿಸಿದ. ಸಾವಿರ ಇಂಜಿನ್ ಒಮ್ಮೆಗೇ ಎದ್ದವು. ನನ್ನ ಎದೆಗೂಡು ಅದುರಿತು, ಹಲ್ಲು ಅದುರಿದವು, ಕಣ್ಣಲ್ಲಿ ನೀರು ಬಂತು. ಹೆದರಿಕೆಗೋ ಖುಷಿಗೋ ಗೊತ್ತಿಲ್ಲ. ಇಂಥ ಸಪ್ಪಳವನ್ನು ನಾನು ನಮ್ಮ ಓಣಿಯಲ್ಲೂ ಕೇಳಿರಲಿಲ್ಲ. ಪಕ್ಕಕ್ಕೆ ತಿರುಗಿದೆ.

ಅವನು ಹೆಲ್ಮೆಟ್ ತೆಗೆದು ಟಾಕಿಯ ಮೇಲೆ ಎರಡೂ ಅಂಗೈ ಊರಿ ಕೂತಿದ್ದ. ನನ್ನನ್ನು ನೋಡಿದ. ಬಲಗೈ ಮೇಲೆತ್ತಿ, ಪಾತ್ರೆ ಬೋರಲು ಹಾಕುವಂತೆ ಅಂಗೈ ಮಗುಚಿದ.

ನಮ್ಮ ಓಣಿಯ ಎರಡು ಬದಿಗೆ ಎರಡು ಲೈನಿನ ಕರೆಂಟು. ಒಂದು ಬದಿ ಹೋದಾಗ ಇನ್ನೊಂದು ಬದಿಯ ಮಗ್ಗ ನಡೆದೇ ಇರುತ್ತವೆ. ಆಗ ಸುಮ್ಮನಾದ ಬದಿಯವರು ಬಾಗಿಲಿಗೆ ಬಂದು, ಆ ಸಪ್ಪಳದಲ್ಲಿ ಕೂಗಿ ಪ್ರಯೋಜನವಿಲ್ಲವೆಂದು, ಎದುರಿನವರಿಗೆ ಹೀಗೆ ಅಂಗೈ ಮಗುಚಿ ತೋರಿಸುತ್ತಾರೆ. ನಮ್ಮ ಕಡೆ ಹೋಯಿತು ಎಂದು ಅದರ ಅರ್ಥ. ಚಿಕ್ಕಂದಿನಿಂದ ಅವನ ಬಾಗಿಲಿಗೂ ನಮ್ಮ ಬಾಗಿಲಿಗೂ ಈ ಸನ್ನೆ ಅದೆಷ್ಟು ಸಲ ಓಡಾಡಿದೆಯೋ. ನಾನು ನನ್ನ ಗಾಡಿ ಬಂದ್ ಮಾಡಿದೆ. ಸುತ್ತ ಯಾರೂ ಬಂದ್ ಮಾಡಲಿಲ್ಲ.

ಆಮೇಲೆ ಸಮುದ್ರದ ದಂಡೆಯ ಗೋಡೆಯ ಮೇಲೆ ಕೂತೆವು. ಅವನಿಗೆ ಕಾಣುವಂತೆ ನಾನು ಎದುರಿಗೆ ಕೂತೆ.

"ಎದಿಗಿ ಬಡೀತು. ಕಿವಿಗಿ ಬರಲಿಲ್ಲ" ಎಂದ. ತನ್ನ ಅಂಗೈ ನೋಡಿಕೊಂಡ. "ನನ್ನ ಗಾಡೀದೂ ಭಾಳ ದಿನಾತು ಕೇಳಿಲ್ಲ. ಕೈಗಿ ಗೊತ್ತಾಗತಿತ್ತು, ಕೇಳಾಕತ್ತೀನಿ ಅಂತ ತಿಳಕೊಂಡಿದ್ನಿ."

ನನಗೆ ಅಳು ಬಂತು, ಅತ್ತೆ. ಅವನು ಅಳಲಿಲ್ಲ. ಅವನ ಹೆಂಡತಿ ಬಾಗಿಲ ಮರೆಯಲ್ಲಿ ಕೇಳಿದ್ದನ್ನು ಆಗ ಹೇಳಿದೆ, ನಿಧಾನವಾಗಿ, ತುಟಿ ಬಿಡಿಸಿ ಬಿಡಿಸಿ. ಅವಳು ತನ್ನದೇ ಏನೋ ತಪ್ಪೆಂದು ಕೊರಗುತ್ತಿದ್ದಾಳೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು, "ಆಕಿಗಿ ನೀನ ಹೇಳಲೇ. ನನ್ನ ಕಡಿಂದ ಆಗಂಗಿಲ್ಲ" ಎಂದ.

ಮರುದಿನ ಬನಹಟ್ಟಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ಎರಡೂ ಬದಿಯ ಮಗ್ಗ ಜೋರಾಗಿ ನಡೆದಿದ್ದವು. ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನು ಗಾಡಿ ನಿಲ್ಲಿಸಿ, ಬಾಗಿಲಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚತೊಡಗಿದ. ಅವಳು ಹಿಂದಿನಿಂದ ಬಂದು ಹೊಸ್ತಿಲಲ್ಲಿ ನಿಂತಳು.

"ಊಟಾ ಮಾಡ್ತೀರೇನು?" ಎಂದು ಒದರಿದಳು.

ಅವನು ಬೂಟಿನ ದಾರ ಬಿಚ್ಚುತ್ತಲೇ ಇದ್ದ. ಅವಳ ಮುಖ ಇಳಿಯಿತು. ನೋಡಿದಿರಾ ಎನ್ನುವಂತೆ ನನ್ನನ್ನು ನೋಡಿದಳು.

ಜೋಡಿಸಿಕೊಂಡು ಬಂದ ಮಾತು ಆ ಸಪ್ಪಳದಲ್ಲಿ ಒದರಿ ಹೇಳುವಂಥದ್ದಲ್ಲ. ನಾನು ಅವನ ಕಡೆ ಬೆರಳು ಮಾಡಿದೆ. ಆಮೇಲೆ ಕೈ ಮೇಲೆತ್ತಿ ಅಂಗೈ ಮಗುಚಿದೆ.

ಅವಳು ತಿರುಗಿ ಒಳಗಿನ ಬಲ್ಬ್ ನೋಡಿದಳು. ಬಲ್ಬ್ ಉರಿಯುತ್ತಿತ್ತು. ಮಗ್ಗ ನಡೆದಿದ್ದವು. ಮತ್ತೆ ನನ್ನನ್ನು ನೋಡಿದಳು, ಅವನ ಬೆನ್ನು ನೋಡಿದಳು. ಕೈ ತಾನಾಗಿಯೇ ಹೋಗಿ ಬಾಯಿ ಮುಚ್ಚಿಕೊಂಡಿತು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕಟ್ಟೆ ಇಳಿದು, ಸುತ್ತು ಹಾಕಿ ಅವನ ಎದುರಿಗೆ ಬಂದು ಕೂತಳು. ಅವನು ತಲೆ ಎತ್ತಿದ. ಅವಳು ಒದರಲಿಲ್ಲ. ಆ ಸಪ್ಪಳದಲ್ಲಿ ನನಗೆ ಅವಳ ದನಿ ಕೇಳಿಸಲಿಲ್ಲ, ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಊಟ ಮಾಡುತ್ತೀರೇನು ಎಂದು ಮತ್ತೆ ಕೇಳಿದಳು.

ಅವನು ಹ್ಞೂಂ ಅಂದ.