ಗಿಲಕಿ ಗಿಡ ಒಣಗುವವರೆಗೆ

ಮೊದಲ ಲಾಕ್‌ಡೌನ್‌ನಲ್ಲಿ ನಾವು ಮನೆಯಿಂದ ಎರಡು ಕಿಲೋಮೀಟರ್ ದಾಟಿ ಹೋಗುವಂತಿರಲಿಲ್ಲ. ಆಗ ನಾವಿದ್ದದ್ದು ಐರ್ಲೆಂಡಿನ ವಾಟರ್‌ಫರ್ಡ್ ಊರಂಚಿನ ಒಂದು ಬಡಾವಣೆಯಲ್ಲಿ. ನನ್ನ ಗಂಡನಿಗೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಸೋಂಕು ನನಗೆ ತಗಲೀತೆಂಬ ಭಯಕ್ಕೆ ಮೇಲಿನ ಕೋಣೆಯಲ್ಲಿ ಒಬ್ಬನೇ ಮಲಗುತ್ತಿದ್ದ, ಒಬ್ಬನೇ ಉಣ್ಣುತ್ತಿದ್ದ. ನನ್ನ ಆಫೀಸು ಅಡುಗೆಮನೆಯ ಮೇಜಿಗೆ ಬಂದಿತ್ತು. ಅವನು ಧಾರವಾಡದವನು, ನಾನು ಬೆಂಗಳೂರಿನವಳು. ಮನೆಮಾತು ಉರ್ದುವಾದರೂ ಜಗಳಕ್ಕೂ ತಮಾಷೆಗೂ ನಮಗೆ ಕನ್ನಡವೇ ಬೇಕು. ಅವನು ಮೆಟ್ಟಿಲ ಮೇಲ್ತುದಿಯಲ್ಲಿ, ನಾನು ಕೆಳತುದಿಯಲ್ಲಿ ಕುಳಿತು ಮಾತಾಡುತ್ತಿದ್ದೆವು.

"ದಿನಾ ಸ್ವಲ್ಪ ಅಡ್ಡಾಡಿ ಬಾ. ಹಿಂಗ ಕೂತ್ರ ಲ್ಯಾಪ್‌ಟಾಪ್ ಜೋಡಿನೂ ಜಗಳ ತೆಗೀತಿ ನೀ," ಎಂದ ಒಂದು ಸಂಜೆ.

ಬಡಾವಣೆಯ ಹಿಂದೆ ಒಂದು ಕಿರುದಾರಿಯಿತ್ತು. ಅದರ ಕೊನೆಗೆ ಕಬ್ಬಿಣದ ಗೇಟು, ಗೇಟಿನಾಚೆ ಮೂರೆಕರೆಯ ಹುಲ್ಲುಗಾವಲು. ಎರಡು ವರ್ಷ ಅಲ್ಲೇ ವಾಸವಿದ್ದರೂ ನಾನದನ್ನು ನೋಡಿರಲಿಲ್ಲ. ಗೇಟಿಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ ಕಟ್ಟಿದ್ದರು: "ಈ ಹೊಲ ಊರಿನ ಭೂ ಟ್ರಸ್ಟಿನದು. ನಮ್ಮ ಕಾರ್ಯಕರ್ತರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು, ಮನೆಯಿಂದ ಹೊರಬರುವಂತಿಲ್ಲ. ನೀವು ಹತ್ತಿರದವರಾದರೆ ದಯವಿಟ್ಟು ಫೋನ್ ಮಾಡಿ."

ಎರಡು ದಿನ ಆ ಕಾಗದ ಓದಿ ಸುಮ್ಮನೆ ಹಿಂದಿರುಗಿದೆ. ಮೂರನೆಯ ದಿನ ಫೋನ್ ಮಾಡಿದೆ.

ಎತ್ತಿಕೊಂಡವರು ಭೂಗೋಳ ಕಲಿಸಿ ನಿವೃತ್ತರಾದ ಒಬ್ಬ ಅಜ್ಜಿ. ಊರಿನ ಇನ್ನೊಂದು ತುದಿಯಲ್ಲಿ ಅವರ ಮನೆ. ಶ್ವಾಸಕೋಶದ ತೊಂದರೆಯಿದ್ದುದರಿಂದ ಬಾಗಿಲು ದಾಟಲೂ ಡಾಕ್ಟರು ಬಿಟ್ಟಿರಲಿಲ್ಲ. ಅವರ ಇಂಗ್ಲಿಷು ಮೊದಲ ವಾರ ನನಗೆ ಅರ್ಧ ತಿಳಿಯಲಿಲ್ಲ. ಆಮೇಲೆ ಎಷ್ಟು ಒಗ್ಗಿತೆಂದರೆ ಈಗ ಅವರ ಮಾತು ನನಗೆ ಕನ್ನಡದಲ್ಲೇ ನೆನಪಿಗೆ ಬರುತ್ತದೆ.

"ಹೂಗಿಡಗಳ ಬಗ್ಗೆ ಏನಾದ್ರೂ ಗೊತ್ತಾ ನಿಂಗೆ?"

"ಏನೂ ಗೊತ್ತಿಲ್ಲ, ಮ್ಯಾಡಮ್."

"ಗ್ರ್ಯಾಂಡ್!" ಎಂದರು; ಅಲ್ಲಿಯವರು 'ಒಳ್ಳೇದಾಯ್ತು' ಅನ್ನುವುದೇ ಹಾಗೆ. "ಹಾಗಾದ್ರೆ ಕಂಡಿದ್ದನ್ನ ಕಂಡ ಹಾಗೇ ಹೇಳ್ತೀಯ."

ಹಾಗೆ ಶುರುವಾಯಿತು. ಪ್ರತಿ ಬೆಳಿಗ್ಗೆ ಕೆಲಸಕ್ಕೆ ಮುಂಚೆ ನಾನು ಹೊಲ ಸುತ್ತಿ ಅವರಿಗೆ ಫೋನ್ ಮಾಡುತ್ತಿದ್ದೆ. ಅವರದು ಹಳೆಯ ಲ್ಯಾಂಡ್‌ಲೈನ್, ಫೋಟೋ ಕಳಿಸುವ ಹಾಗಿರಲಿಲ್ಲ. ಬಾಯಲ್ಲೇ ಹೇಳಬೇಕು. ಎಲೆ ದುಂಡಗೋ ಉದ್ದಕ್ಕೋ, ಅಂಚು ಗರಗಸದ ಹಾಗಿದೆಯೋ, ದಂಟು ಮುಟ್ಟಿದರೆ ಚೌಕದ ಹಾಗೆ ಮೂಲೆ ಸಿಗುತ್ತದೋ. ಅವರು ಯೋಚಿಸಿ ಹೆಸರು ಹೇಳುತ್ತಿದ್ದರು. ಒಮ್ಮೊಮ್ಮೆ, "ಅದು ಅಲ್ಲಿರೋಕೆ ಸಾಧ್ಯಾನೇ ಇಲ್ಲ, ಇನ್ನೊಂದ್ಸಲ ನೋಡು," ಎಂದು ಓಡಿಸುತ್ತಿದ್ದರು.

ಹೊಲದ ಕಥೆಯನ್ನೂ ಅವರೇ ಹೇಳಿದರು. ಅದನ್ನು ಉಳುತ್ತಲೂ ಇರಲಿಲ್ಲ, ಅದಕ್ಕೆ ಗೊಬ್ಬರವನ್ನೂ ಹಾಕುತ್ತಿರಲಿಲ್ಲ ಅದರ ಹಳೆಯ ಯಜಮಾನ. ಅವನಿಗೆ ವಯಸ್ಸಾಗಿ ಮಾರಲು ಹೊರಟಾಗ ಮನೆ ಕಟ್ಟುವವರು ಬಂದರು. ಆಗ ಇವರು ಹತ್ತು ಹನ್ನೆರಡು ಮಂದಿ ಸೇರಿ, ಚರ್ಚಿನ ಹಾಲ್‌ನಲ್ಲಿ ಕೇಕ್ ಮಾರಿ, ಬಾಗಿಲು ಬಾಗಿಲಿಗೂ ಹೋಗಿ, ಟ್ರಸ್ಟ್ ಕಟ್ಟಿ ಕೊಂಡುಕೊಂಡರು. "ಹುಲ್ಲೇ ತುಂಬಿಕೊಂಡ್ರೆ ಹೂವಿಗೆ ಜಾಗ ಇರಲ್ಲ," ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಅದನ್ನು ತಡೆಯುವುದು ಒಂದು ಚಿಕ್ಕ ಹಳದಿ ಹೂವಿನ ಗಿಡ. ಅದರ ಬೇರು ಪಕ್ಕದ ಹುಲ್ಲಿನ ಬೇರಿಗೆ ಅಂಟಿಕೊಂಡು ಸಾರ ಹೀರುತ್ತದೆ. ಹುಲ್ಲು ಸೊರಗಿದ ಕಡೆ ಬೇರೆ ಹೂಗಳು ಏಳುತ್ತವೆ. ಗಿಡ ಒಂದೇ ವರ್ಷದ್ದು; ಬೀಜ ಬಲಿತು ಉದುರಿದ ಮೇಲೆ ಹೊಲ ಕತ್ತರಿಸಿದರೆ ಮಾತ್ರ ಮುಂದಿನ ವರ್ಷ ಮತ್ತೆ ಹುಟ್ಟುತ್ತದೆ. ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಇಂಗ್ಲಿಷಿನಲ್ಲಿ ಯೆಲ್ಲೋ ರ‍್ಯಾಟಲ್. ನಾನು ಅದನ್ನು ಗಿಲಕಿ ಗಿಡ ಎಂದು ಕರೆದುಕೊಂಡೆ.

ರಂಜಾನ್ ಬಂತು. ಮಸೀದಿ ಮುಚ್ಚಿತ್ತು, ಯಾರ ಮನೆಗೂ ಹೋಗುವಂತಿರಲಿಲ್ಲ. ಈದ್‌ನ ಬೆಳಿಗ್ಗೆ ಗಂಡನಿಗೆ ರಜೆ ಸಿಕ್ಕಿತ್ತು. ಹಾಲು ಶಾವಿಗೆಯ ಶೀರ್ ಖುರ್ಮಾ ಮಾಡಿ ಎರಡು ಫ್ಲಾಸ್ಕಿಗೆ ತುಂಬಿಕೊಂಡೆ. ಇಬ್ಬರೂ ಹೊಲಕ್ಕೆ ಹೋಗಿ ದೂರ ದೂರ ಕುಳಿತೆವು. ಅವನು ಚಮಚ ಬಾಯಿಗಿಟ್ಟವನು ಹಾಗೇ ಬಗ್ಗಿ, "ಇದೇನ ನೋಡು ನಿನ್ನ ಹಳದಿ ಹೂ?" ಎಂದ.

ಅದೇ ಆಗಿತ್ತು. ಆ ವರ್ಷದ ಮೊದಲನೆಯದು. ಫೋನ್‌ನಲ್ಲಿ ಹೇಳಿದಾಗ ಅಜ್ಜಿ, "ಅವನಿಗೆ ನನ್ನ ಹಬ್ಬದ ಶುಭಾಶಯ ಹೇಳು," ಎಂದರು. ಬೆಂಗಳೂರಿಗೆ ಹೋಗದೆ ಕಳೆದ ಈದ್‌ಗಳಲ್ಲಿ ನಾನು ಅಳದೇ ಇದ್ದದ್ದು ಅದೊಂದೇ.

ಜುಲೈ ಹೊತ್ತಿಗೆ ನಿರ್ಬಂಧ ಸಡಿಲವಾಗಿತ್ತು, ಆದರೆ ಅಜ್ಜಿಗೆ ಡಾಕ್ಟರ ಒಪ್ಪಿಗೆ ಇನ್ನೂ ಸಿಕ್ಕಿರಲಿಲ್ಲ. ಒಂದು ಶನಿವಾರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳಿಗೆ ಹೊಲದ ಕಡೆಯಿಂದ ಎಂಜಿನ್ ಶಬ್ದ ಕೇಳಿಸಿತು. ಮನೆಯ ಚಪ್ಪಲಿಯಲ್ಲೇ ಓಡಿದೆ. ನಮ್ಮ ಬಡಾವಣೆಯವನೇ ಒಬ್ಬ, ಮೂರು ಮನೆ ಆಚೆಯವನು, ಹುಲ್ಲು ಕತ್ತರಿಸುವ ದೊಡ್ಡ ಯಂತ್ರದ ಮೇಲೆ ಕುಳಿತು ಹೊಲದೊಳಗೆ ಹೋಗಿದ್ದ. ಆಗಲೇ ಎರಡು ಪಟ್ಟಿ ಬೋಳಾಗಿತ್ತು.

ಹೊಲ ನನ್ನದಲ್ಲ. ಈ ದೇಶವೂ ನನ್ನದಲ್ಲ ಎಂದು ಯಾರಾದರೂ ಅಂದರೆ ಏನು ಹೇಳಲಿ? ಆದರೂ ಕಾಲು ನಿಲ್ಲಲಿಲ್ಲ. ಯಂತ್ರದ ಮುಂದೆ ಹೋಗಿ ಎರಡೂ ಕೈ ಎತ್ತಿದೆ.

ಅವನು ಎಂಜಿನ್ ಆರಿಸಿದ. "ಏನಾಯ್ತು?"

"ದಯವಿಟ್ಟು ನಿಲ್ಸಿ. ಬೀಜ ಇನ್ನೂ ಬಲಿತಿಲ್ಲ."

"ಯಾವ ಬೀಜ? ಕಾಡಾಗಿದೆಯಲ್ಲ ಇದು. ಎಲ್ರೂ ಬಯ್ತಿದ್ರು, ನೋಡ್ಕೊಳ್ಳೋರು ಯಾರೂ ಬರ್ತಿಲ್ಲ ಅಂತ. ನಾನು ಉಪಕಾರ ಮಾಡೋಣ ಅಂತ ಬಂದೆ." ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು.

"ನಾನು ಬರ್ತೀನಿ," ಎಂದೆ. "ದಿನಾ ಬರ್ತೀನಿ."

ಅಜ್ಜಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮೊಬೈಲನ್ನು ಗೇಟಿನ ಕಂಬದ ಮೇಲಿಟ್ಟು ದೂರ ಸರಿದು ನಿಂತೆ. ಬೈಗುಳ ಬರುತ್ತದೆಂದು ಅವನೂ ಕಾದ, ನಾನೂ ಕಾದೆ. ಅಜ್ಜಿ ಬೈಯಲಿಲ್ಲ. ಮೊದಲು ಅವನ ಮನೆಯವರೆಲ್ಲ ಆರೋಗ್ಯವೇ ಎಂದು ವಿಚಾರಿಸಿದರು. ಆಮೇಲೆ, "ಬಿಸಿಲು ಬೀಳೋ ಅಂಚಿಂದ ಒಂದು ಕಂದು ದಂಟು ಕಿತ್ತು ಅಲ್ಲಾಡ್ಸು ನೋಡೋಣ," ಎಂದರು.

ಅವನು ಕಿತ್ತು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬೇಲಿಯಂಚಿನ ಆ ದಂಟು ಉಳಿದವಕ್ಕಿಂತ ಮುಂಚೆ ಒಣಗಿತ್ತು. ಸಣ್ಣಗೆ ಸದ್ದು ಬಂತು. ಅವನು ಇನ್ನೊಮ್ಮೆ ಅಲ್ಲಾಡಿಸಿದ, ಈ ಸಲ ಮೊಬೈಲಿಗೆ ಹತ್ತಿರ ಹಿಡಿದು.

"ಕೇಳಿಸ್ತಾ?"

"ಕೇಳಿಸ್ತು," ಎಂದರು ಅಜ್ಜಿ. "ಮಾರ್ಚಿಂದ ನಾನು ಆ ಹೊಲ ನೋಡಿಲ್ಲ. ಹೊಲ ಪೂರ್ತಿ ಹೀಗೆ ಸದ್ದು ಮಾಡೋವರೆಗೂ ತಡ್ಕೋ. ಆಮೇಲೆ ನೀನೇ ಕತ್ತರಿಸು. ಈ ವರ್ಷ ಕತ್ತರಿಸೋಕೆ ಯಾರನ್ನ ಹುಡುಕೋದು ಅಂತ ನಂಗೂ ಯೋಚನೆಯಾಗಿತ್ತು."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಸರಿ, ಗ್ರ್ಯಾಂಡ್," ಎಂದು ಯಂತ್ರವನ್ನು ತಾನು ಬೋಳಿಸಿದ ಪಟ್ಟಿಯ ಮೇಲೇ ಹಿಂದಕ್ಕೆ ತೆಗೆದುಕೊಂಡು ಹೋದ.

ಮೂರು ವಾರದ ಮೇಲೆ ಅವನೇ ಕತ್ತರಿಸಿದ. ಬಡಾವಣೆಯ ಏಳೆಂಟು ಮನೆಯವರು ಹುಲ್ಲು ಒಟ್ಟುವ ಹಲ್ಲುಕೋಲು ಹಿಡಿದು ಬಂದರು; ಅವರಲ್ಲಿ ಅರ್ಧ ಮಂದಿಯ ಮುಖವನ್ನು ನಾನು ಅಂದೇ ಮೊದಲು ನೋಡಿದ್ದು. ಡಾಕ್ಟರ ಒಪ್ಪಿಗೆ ಪಡೆದು ಅಜ್ಜಿಯನ್ನು ಅವರ ತಂಗಿ ಕಾರಿನಲ್ಲಿ ಕರೆತಂದರು. ಮಾಸ್ಕ್ ಹಾಕಿಕೊಂಡು, ಕಿಟಕಿ ಇಳಿಸಿ, ಒಳಗಿಂದಲೇ ಎಲ್ಲರಿಗೂ ಕೆಲಸ ಹೇಳುತ್ತಿದ್ದರು. ದನಿಯಿಂದ ನಾನು ಅವರನ್ನು ಎತ್ತರದ ಹೆಂಗಸು ಎಂದುಕೊಂಡಿದ್ದೆ. ಕಾರಿನ ಸೀಟಿನಲ್ಲಿ ಕಂಡವರು ಗುಬ್ಬಿಯಷ್ಟು.

"ನೀನು ಇಷ್ಟು ಚಿಕ್ಕವಳಾ?" ಎಂದು ಅವರೂ ನನ್ನನ್ನೇ ಕೇಳಿದರು.

ಬೀಜವನ್ನು ದಿಂಬಿನ ಕವರುಗಳಲ್ಲಿ ತುಂಬಿಸಿದೆವು. ಕಿರುದಾರಿಯಾಚೆಗೆ ಟ್ರಸ್ಟಿಗೆ ಹೊಸದಾಗಿ ಸಿಕ್ಕಿದ್ದ ಇನ್ನೊಂದು ತುಂಡು ನೆಲವಿತ್ತು, ಬರೀ ಹುಲ್ಲು. ಸೆಪ್ಟೆಂಬರಿನಲ್ಲಿ ಅದನ್ನು ಗೀರಿ ಕೆದಕಿ ಬೀಜ ಎರಚಿದೆವು. ನನ್ನ ಗಂಡ ತೊಗರಿ ಬಿತ್ತುವವನ ಗತ್ತಿನಲ್ಲಿ ಎರಚಿದ. ಜೀವಮಾನದಲ್ಲಿ ಅವನು ಒಂದು ಕುಂಡಕ್ಕೂ ನೀರು ಹಾಕಿದವನಲ್ಲ.

ಚಳಿಗಾಲ ಮತ್ತೆ ಬೀಗ ಹಾಕಿಸಿತು. ಆಸ್ಪತ್ರೆಯ ಕೆಟ್ಟ ತಿಂಗಳುಗಳು ಅವೇ; ಗಂಡ ಮೆಟ್ಟಿಲ ಮೇಲೆ ಕುಳಿತೇ ನಿದ್ದೆ ಹೋದದ್ದುಂಟು. ಅದೂ ಕಳೆಯಿತು. ಏಪ್ರಿಲ್‌ನಲ್ಲಿ, ಲಸಿಕೆ ಹಾಕಿಸಿಕೊಂಡ ಅಜ್ಜಿ ಕೋಲೂರಿಕೊಂಡು ನನ್ನ ಜೊತೆ ಹೊಸ ಹೊಲಕ್ಕೆ ಬಂದರು. ಅವರಿಗೆ ಬಗ್ಗಲಾಗುತ್ತಿರಲಿಲ್ಲ. ನಾನು ಮಂಡಿಯೂರಿ ಹುಲ್ಲು ಸರಿಸಿದೆ. ಗಿಲಕಿ ಗಿಡದ ಗರಗಸದಂಚಿನ ಪುಟ್ಟ ಎಲೆಗಳು, ಜೋಡಿ ಜೋಡಿ, ಎಲ್ಲೆಂದರಲ್ಲಿ.

"ಇದಾವೆ," ಎಂದೆ, ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು.

"ಎಣಿಸೋದು ಬೇಡ. ಇದ್ರೆ ಸಾಕು," ಎಂದರು.

ಆದರೂ ಎಣಿಸಿದೆ. ಅರವತ್ತರ ಮೇಲೆ ಲೆಕ್ಕ ತಪ್ಪಿತು.